ತಟ್ಟೆ ಆರಿಸಲು ನೀನೇ ಬರಬೇಕು

ಮನೆ, ಮುಂದಿನ ಕೋಣೆ,
ಕಿಟಕಿ ಪಕ್ಕದ ಮೇಜು.
ಹದಿನಾಲ್ಕನೇ ತಾರೀಕು, ಮಂಗಳವಾರ ಬೆಳಿಗ್ಗೆ (ಅಂಗಡಿಗೆ ವಾರದ ರಜಾ)

ಪ್ರೀತಿಯ ಇವಳೇ,

ನಗಬೇಡ. ಮೂವತ್ತೆಂಟು ವರ್ಷ ಹೀಗೇ ಕರೆದ ಮೇಲೆ ಕಾಗದದ ಮೇಲೆ ಬೇರೆ ಏನನ್ನೂ ಬರೆಯಲು ಕೈ ಏಳುವುದಿಲ್ಲ. ಹೇಗಿದ್ದೀಯ? ನಿನ್ನ ಮಂಡಿ ಅಲ್ಲಿಯ ಮೆಟ್ಟಿಲುಗಳಿಗೆ ಒಗ್ಗಿಕೊಂಡಿತೋ ಇಲ್ಲವೋ? ನಿಮ್ಮಕ್ಕ ಈಗ ಕೋಲು ಹಿಡಿದು ಎಷ್ಟು ಹೆಜ್ಜೆ ಹಾಕುತ್ತಾರೆ? ಹೋದ ಪತ್ರದಲ್ಲಿ ನೀನು ಹಾಸಿಗೆಯಿಂದ ಕಿಟಕಿಯವರೆಗೆ ಎಂದು ಬರೆದಿದ್ದೆ. ಈಗ ಅಡುಗೆಮನೆ ಮುಟ್ಟಿರಬೇಕು, ಯಾಕೆಂದರೆ ನೀನು ಮಾಡುವ ಚಹಾದಲ್ಲಿ ತಪ್ಪು ಹುಡುಕದೆ ಅವರು ಇಷ್ಟು ದಿನ ಇರುವುದು ಸಾಧ್ಯವೇ ಇಲ್ಲ. ಮುರಿದದ್ದು ತೊಡೆಯ ಮೂಳೆ ತಾನೇ, ನಾಲಿಗೆಗೆ ಏನೂ ಆಗಿಲ್ಲವಲ್ಲ. ಈ ಸಾಲನ್ನು ಅವರಿಗೆ ಓದಿ ಹೇಳಬೇಡ. ಅವರನ್ನು ನೋಡಿಕೊಳ್ಳುವ ಭರದಲ್ಲಿ ನಿನ್ನ ಮಾತ್ರೆ ಮರೆಯಬೇಡ. ಇಲ್ಲಿ ನಾನು ಚೆನ್ನಾಗಿದ್ದೇನೆ. ಹಾಲು ಎರಡು ಸಲ ಉಕ್ಕಿ ಒಲೆಯ ಮೇಲೆ ಚೆಲ್ಲಿತು, ಒರೆಸಿದೆ. ನಿನ್ನ ಕುಂಡದ ಗಿಡಗಳಲ್ಲಿ ಒಂದು ಮಾತ್ರ ನನ್ನ ಮೇಲೆ ಮುಖ ಊದಿಸಿಕೊಂಡು ಒಣಗಿದೆ, ಉಳಿದವು ಹೊಂದಿಕೊಂಡಿವೆ. ಮೇಲಿನ ಮನೆಯ ನರ್ಸಮ್ಮ ವಾರಕ್ಕೊಮ್ಮೆ ಬಂದು ನಾನು ಬದುಕಿದ್ದೇನೋ ಇಲ್ಲವೋ ಎಂದು ನೋಡಿಕೊಂಡು ಹೋಗುತ್ತಾರೆ. ಒಂದೇ ಅಂಗಿಯನ್ನು ಮೂರು ದಿನ ಹಾಕಿಕೊಂಡಿದ್ದಕ್ಕೆ ಮೊನ್ನೆ ಅವರಿಂದ ಬೈಸಿಕೊಂಡೆ.

ನಿನ್ನ ಪತ್ರ ತಲುಪಿ ಹತ್ತು ದಿನವಾಯಿತು. ಮೂರು ಸಲ ಓದಿದೆ. ಕೊನೆಯ ಸಾಲನ್ನು ಇನ್ನೂ ಹೆಚ್ಚು ಸಲ ಓದಿರಬಹುದು. "ನಾನು ಬರೋದರೊಳಗೆ ಆ ಡ್ರಮ್ ಸೆಟ್ ಮಾರಿಬಿಡಿ. ಆ ಮೂಲೆಗೆ ಹೊಲಿಗೆ ಮಷೀನು ಇಟ್ಟುಕೊಳ್ತೀನಿ. ಅರವತ್ತಕ್ಕೆ ಬಂದ ಮರುಳು ಅರವತ್ತೊಂದಕ್ಕೆ ಬಿಟ್ಟಿತು ಅಂದುಕೊಳ್ಳೋಣ." ಇದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಎಲ್ಲದಕ್ಕೂ ಹೂಂ ಅನ್ನುತ್ತೇನೆ, ಅರ್ಧ ಮಾತಿಗೆ ಉತ್ತರವನ್ನೇ ಕೊಡುವುದಿಲ್ಲ, ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತೇನೆ ಎಂದು ನೀನು ಸಿಟ್ಟು ಮಾಡಿಕೊಂಡು ಇಟ್ಟುಬಿಟ್ಟೆಯಲ್ಲ, ಅದಕ್ಕೇ ಪತ್ರ. ಪತ್ರದಲ್ಲಾದರೆ ನೀನು ಹೇಳಿದ್ದು ಒಂದಕ್ಷರ ಬಿಡದೆ ನನಗೆ ಮುಟ್ಟುತ್ತದೆ. ನಾನು ಹೇಳುವುದನ್ನೂ ನೀನು ನಡುವೆ ಬಾಯಿ ಹಾಕದೆ ಕೇಳುತ್ತೀಯ.

ಮೊದಲೇ ಹೇಳಿಬಿಡುತ್ತೇನೆ, ಸೆಟ್ ಮಾರಿಲ್ಲ. ಮಾರಲು ಹೊರಟದ್ದು ನಿಜ. ಹೊರಟವನು ದಾರಿ ತಪ್ಪಿದೆ. ಹೇಗೆಂದು ಬರೆಯುತ್ತೇನೆ, ಕೋರ್ಟಿನ ಟೈಪಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ವಕೀಲರ ಸುದ್ದಿಯನ್ನೆಲ್ಲ ಸಹಿಸಿದ ನಿನಗೆ ನನ್ನ ಸುದ್ದಿ ದೊಡ್ಡದೇನಲ್ಲ.

ಆ ಸೆಟ್ ಮನೆಗೆ ಬಂದ ದಿನ ನಿನಗೆ ನೆನಪಿದೆಯೇ? ಎಲ್ಲರಿಗೂ ನಿವೃತ್ತಿಯ ದಿನ ಗೋಡೆ ಗಡಿಯಾರ ಕೊಡುವ ಆಫೀಸು ಅದು. ಗಡಿಯಾರ ರಿಪೇರಿ ಮಾಡುವವನ ಹೆಂಡತಿಗೆ ಗಡಿಯಾರ ಕೊಡುವುದು ಹೇಗೆ ಎಂದು ಪಾಪ ಅವರಿಗೆ ಪೇಚಾಟ. ಏನು ಬೇಕಮ್ಮಾ ಎಂದು ನಿನ್ನನ್ನೇ ಕೇಳಿದರು. ನೀನು ಕಣ್ಣು ಪಿಳುಕಿಸದೆ "ಡ್ರಮ್" ಎಂದೆ. ತಮಾಷೆ ಎಂದುಕೊಂಡು ನಕ್ಕರು, ಆಮೇಲೆ ನಗು ನಿಲ್ಲಿಸಿ ಎಲ್ಲರೂ ಸೇರಿ ಅಂಗಡಿಯಲ್ಲಿದ್ದ ಅತಿ ಅಗ್ಗದ, ಕಲಿಯುವವರ ಸೆಟ್ಟನ್ನು ತಂದುಕೊಟ್ಟರು. ಐದು ಡ್ರಮ್ಮು, ಡಬ್ಬದ ಮುಚ್ಚಳದಂಥ ಎರಡು ತಟ್ಟೆ, ಕೂತರೆ ಅಲ್ಲಾಡುವ ಸ್ಟೂಲು. ಅವಕ್ಕೆ ಸಿಂಬಲ್ ಅನ್ನಬೇಕು ಎಂದು ನೀನು ಎಷ್ಟು ತಿದ್ದಿದರೂ ನನಗೆ ಅವು ತಟ್ಟೆಗಳೇ. ಈ ಮೂಲೆಯಲ್ಲಿ, ಗೋಡೆ ಗಡಿಯಾರದ ಕೆಳಗೆ, ನೀನೇ ಜಾಗ ಮಾಡಿಕೊಂಡೆ. ಅದಕ್ಕೂ ಆರು ತಿಂಗಳ ಮೊದಲು ಗೋಡೆಗೆಲ್ಲ ಬಣ್ಣ ಬಳಿಸಿ, ಗಡಿಯಾರವನ್ನು ನಾನೇ ಮತ್ತೆ ತೂಗುಹಾಕಿದ್ದೆ. ಅದರ ಲೋಲಕ ನೋಡಿ ನೀನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ನನಗೆ ಮೇಷ್ಟ್ರು ಬೇಡ. ಗಡಿಯಾರದವರ ಮನೆ ಗಡಿಯಾರಕ್ಕಿಂತ ತಾಳ ಹೇಳೋ ಮೇಷ್ಟ್ರು ಇನ್ಯಾರು?" ಒಂದೂವರೆ ವರ್ಷ ದಿನಾ ಮಧ್ಯಾಹ್ನ ಅದರ ಟಿಕ್ಕಿಗೊಂದು ಟಾಕಿಗೊಂದು ಏಟು ಹಾಕುತ್ತಾ ಕಲಿತೆ. ನಾನು ಊಟಕ್ಕೆಂದು ಅಂಗಡಿ ಮುಚ್ಚಿ ಬರುವಾಗ ಬ್ರೆಡ್ಡಿನ ಅಂಗಡಿಯ ತಿರುವಿನಲ್ಲೇ ನಿನ್ನ ದೊಡ್ಡ ಡ್ರಮ್ಮು ಸಿಗುತ್ತಿತ್ತು. ಅಲ್ಲಿಂದ ಮನೆಯವರೆಗೆ ನನ್ನ ಹೆಜ್ಜೆ ನಿನ್ನ ಲೆಕ್ಕಕ್ಕೇ ಬೀಳುತ್ತಿತ್ತು. ಬಂದ ಮೇಲೆ ಮಾತ್ರ "ಏನಿದು, ಬೀದಿಯೋರೆಲ್ಲ ಮನೆ ಖಾಲಿ ಮಾಡ್ತಾರೆ" ಎಂದು ರೇಗಿಸುತ್ತಿದ್ದೆ. ಹಾಗೆ ರೇಗಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ವಾಚನಾಲಯದ ಹಿಂದಿನ ಕೋಣೆಯ ಆ ಸಂಜೆಯನ್ನು ಎತ್ತುವುದು ನಿನಗೆ ಇಷ್ಟವಿಲ್ಲ ಎಂದು ಗೊತ್ತು. ಆದರೂ ಎತ್ತುತ್ತೇನೆ. ಗಿಟಾರಿನ ಬಸ್ ಡ್ರೈವರು, ಅಕಾರ್ಡಿಯನ್ನಿನ ಹಲ್ಲಿನ ಡಾಕ್ಟರು, ಕಹಳೆಯ ಗ್ರಂಥಪಾಲಕರು, ಎಲ್ಲ ನಿವೃತ್ತರೇ. ಮೂರು ವಾರ ನೀನು ಅವರ ವಾದ್ಯಗೋಷ್ಠಿಯಲ್ಲಿ ಬಾರಿಸಿದೆ. ನಾಲ್ಕನೇ ವಾರ ಡ್ರೈವರು ಗಿಟಾರು ಕೆಳಗಿಟ್ಟು, ತುಂಬಾ ಸಂಕೋಚದಿಂದಲೇ, "ಅಮ್ಮಾ, ಬೇಜಾರು ಮಾಡ್ಕೋಬೇಡಿ, ನಿಮ್ಮ ಕೈ ಕುಂಟುತ್ತೆ. ಎರಡನೇ ಏಟು ಮುಂಚೆ ಬೀಳುತ್ತೆ" ಎಂದರಂತೆ. ನೀನು ಮನೆಗೆ ಬಂದು ಚಪ್ಪಲಿ ಕೂಡ ಬಿಚ್ಚದೆ ಸೆಟ್ಟಿನ ಮುಂದೆ ಕೂತೆ. ಗಡಿಯಾರ ನೋಡುತ್ತಾ ಬಾರಿಸಿದೆ. "ರೀ, ನಿಜ ಹೇಳಿ, ಕುಂಟುತ್ತಾ?" ಎಂದು ಕೇಳಿದೆ. ನಾನು "ಚೆನ್ನಾಗಿದೆ" ಎಂದೆ. ನೀನು ನನ್ನನ್ನು ನೋಡಿದ ಆ ನೋಟ ಇನ್ನೂ ಚುಚ್ಚುತ್ತದೆ. ನಾನು ಕೇಳಿಸಿಕೊಳ್ಳದೇ ಹೇಳಿದೆ ಎಂದು ನೀನು ಅಂದುಕೊಂಡೆ, ಅಲ್ಲವೇ? ಮರುದಿನ ನೀನು ಹಾಸಿಗೆಯ ಚಾದರ ತಂದು ಸೆಟ್ಟಿಗೆ ಮುಚ್ಚಿದೆ. ಅದಾಗಿ ಎಂಟು ದಿನಕ್ಕೆ ನಿಮ್ಮಕ್ಕ ಬಿದ್ದ ಸುದ್ದಿ ಬಂತು. ನೀನು ಪೆಟ್ಟಿಗೆ ತುಂಬಿಕೊಂಡ ವೇಗ ನೋಡಿದರೆ ಅಕ್ಕನ ಕಡೆಗೆ ಓಡುತ್ತಿದ್ದೀಯೋ ಈ ಮೂಲೆಯಿಂದ ಓಡುತ್ತಿದ್ದೀಯೋ ಗೊತ್ತಾಗುತ್ತಿರಲಿಲ್ಲ.

ನಿನ್ನ ಪತ್ರ ಬಂದ ಮರುದಿನವೇ ಚಾದರ ತೆಗೆದೆ. ಕೊಳ್ಳುವವರು ಬಂದರೆ ನೋಡಲು ಚೆಂದವಿರಲಿ ಎಂದು ಅಂಗಡಿಯ ಸಣ್ಣ ಬ್ರಷ್ಷಿನಿಂದ ಒಂದೊಂದೇ ಸ್ಕ್ರೂವಿನ ಸಂದಿಯ ಧೂಳು ತೆಗೆದೆ. ಬೆಳಿಗ್ಗೆ ಹತ್ತರ ಬಿಸಿಲು ಕಿಟಕಿಯಿಂದ ಇಳಿದು ತಟ್ಟೆಯ ಮೇಲೆ ಕೂತಿತ್ತು. ತಟ್ಟೆ ಸ್ವಲ್ಪ ವಾಲಿದರೆ ಬೆಳಕು ಮಾಡಿನ ಮೇಲೆ ಹೋಗುತ್ತದೆ, ನೆಟ್ಟಗಾದರೆ ನನ್ನ ಅಂಗಿಗೆ ಬರುತ್ತದೆ. ಎಷ್ಟು ಹೊತ್ತು ಹಾಗೆ ಆಡಿದೆನೋ. ಗಡಿಯಾರ ಗಂಟೆ ಹೊಡೆದಾಗ ಚಿಕ್ಕ ಡ್ರಮ್ಮಿನ ತಳದ ತಂತಿಗಳು ತಾವಾಗಿಯೇ ಝುಂ ಎನ್ನುತ್ತವೆ ಎಂದು ನೀನು ಹೇಳುತ್ತಿದ್ದೆಯಲ್ಲ, ಅದರ ಮೇಲೆ ಅಂಗೈ ಇಟ್ಟು ಕಾದೆ. ನಿಜ, ನಡುಗುತ್ತವೆ. ಯಾರೂ ಮುಟ್ಟದಿದ್ದರೂ ಗಂಟೆಗೊಮ್ಮೆ ಒಳಗೊಳಗೇ ನಡುಗುತ್ತಾ, ಎರಡು ತಿಂಗಳಿಂದ ಚಾದರದ ಕೆಳಗೆ ಇವು ಹೀಗೇ ಇದ್ದವು ಎಂದು ಹೊಳೆದಾಗ ನನಗೆ ಒಂಥರಾ ಆಯಿತು. ಮಾರುವ ಮನಸ್ಸು ಅಲ್ಲಿಯೇ ಅರ್ಧ ಹೋಯಿತು.

ಇನ್ನರ್ಧ ಹೋದದ್ದು ನನ್ನ ಚಾಳಿಯಿಂದ. ಡ್ರಮ್ಮು ಬಿಗಿಮಾಡುವ ಆ ಪುಟ್ಟ ಕೀ ಇದೆಯಲ್ಲ, ಅದು ಥೇಟ್ ಗಡಿಯಾರಕ್ಕೆ ಕೊಡುವ ಕೀ. ಕೈಗೆ ಸಿಕ್ಕಿತು, ಕೈ ಕೇಳಲಿಲ್ಲ. ನಲವತ್ತು ವರ್ಷದಿಂದ ಕೀ ಕಂಡರೆ ತಿರುಗಿಸುವ ಕೈ ಇದು, ಇನ್ನು ತಿರುಗುವುದಿಲ್ಲ ಎನ್ನುವವರೆಗೆ ತಿರುಗಿಸುವ ಕೈ. ಒಂದು ಸ್ಕ್ರೂವನ್ನು ಪೂರ್ತಿ ಬಿಗಿಮಾಡಿದೆ. ಪಕ್ಕದ್ದನ್ನೂ ಪೂರ್ತಿ ಬಿಗಿಮಾಡಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಮೇಲಿನ ಹೊದಿಕೆ ಅಂಚಿನಿಂದ ಕಿತ್ತು ಎದ್ದು ಬಂತು. ನಿನ್ನ ನಡುವಿನ ಡ್ರಮ್ಮು ಇವಳೇ. ನಾನು ಬೆಪ್ಪನ ಹಾಗೆ ಕೀ ಹಿಡಿದು ನಿಂತಿದ್ದೆ. ಅಷ್ಟು ವರ್ಷದಲ್ಲಿ ಯಾರ ಗಡಿಯಾರದ ಸ್ಪ್ರಿಂಗೂ ನನ್ನ ಕೈಯಲ್ಲಿ ಮುರಿದಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಹರಿದದ್ದನ್ನು ಹೇಗೆ ಮಾರುವುದು? ಡ್ರಮ್ಮನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ವಾದ್ಯದ ಅಂಗಡಿಗೆ ಹೋದೆ. ಬೀದಿಯಲ್ಲಿ ಎದುರಾದವರೆಲ್ಲ ದಾರಿ ಬಿಟ್ಟರು, ಮೆರವಣಿಗೆ ಮುಂದೆ ಹೋಗಿ ನಾನೊಬ್ಬನೇ ಹಿಂದೆ ಉಳಿದವನ ಹಾಗಿದ್ದೆ. ಅಂಗಡಿ ಇಕ್ಕಟ್ಟು, ಉದ್ದ. ಮಾಡಿನಿಂದ ಗಿಟಾರುಗಳು ಒಣಹಾಕಿದ ಬಟ್ಟೆಯಂತೆ ತೂಗುತ್ತವೆ. ಒಳಗೆ ಮರಕ್ಕೆ ಬಳಿಯುವ ಎಣ್ಣೆಯ ವಾಸನೆ. ನಡೆಸುವವಳು ಒಬ್ಬ ಹೆಂಗಸು, ಐವತ್ತರ ಮೇಲಿರಬೇಕು, ಮುಡಿಯಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡಿದ್ದಳು. ಹಿಂದೆ ಪ್ರಯಾಣಿಕರ ಹಡಗಿನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದಳಂತೆ, ಅಲೆಗೆ ಹಡಗು ಓಲಾಡಿದರೂ ತಾಳ ಓಲಾಡಬಾರದು, ಅದು ಕೆಲಸವಂತೆ. ಹರಿದ ಹೊದಿಕೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ಯಾರು ಬಾರಿಸೋದು ಎಂದು ಕೇಳಿದಳು. ನಮ್ಮ ಮನೆಯವರು ಎಂದೆ. "ಮಾರೋಕೆ ಸರಿ ಮಾಡಿಸ್ತಿದ್ದೀರೋ, ಬಾರಿಸೋಕೋ?" ಎಂದಳು. ಮಾರೋಕೆ ಎಂದು ಹೇಳಲು ಬಾಯಿ ತೆರೆದೆ. ಬಾರಿಸೋಕೆ ಎಂಬ ಮಾತು ಬಂತು. ಬಂದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಆಮೇಲೆ ನಾನು ಹೇಗೆ ಕೆಟ್ಟೆ ಎಂದರೆ, ಒಂದು ಹೊದಿಕೆಗೆಂದು ಹೋದವನು ಹೊಸ ಸೆಟ್ಟುಗಳ ಮುಂದೆ ನಿಂತೆ. ಕಿಟಕಿಯಲ್ಲಿ ಒಂದು ಕಡು ಕೆಂಪಿನದು ಇತ್ತು. ಮಾಗಿದ ಹಣ್ಣಿನ ಬಣ್ಣ, ಅದರಲ್ಲಿ ನನ್ನ ಮುಖ ಕಾಣುತ್ತಿತ್ತು, ನನ್ನ ಹಿಂದೆ ಬೀದಿಯ ಬಸ್ಸುಗಳು ಹೋಗುತ್ತಿದ್ದವು. ನೀನು ಅದರ ಹಿಂದೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದನ್ನು ಕಂಡೆ. ಎಷ್ಟಾದರೂ ಆಗಲಿ ಇದನ್ನೇ ಕೊಡಿ ಎಂದೆ. ಆಕೆ ಕೊಡಲಿಲ್ಲ! ವ್ಯಾಪಾರ ಮಾಡುವವರು ಹೀಗೂ ಇರುತ್ತಾರೆ ನೋಡು. "ಹೊಳಪಿಗೇ ಅರ್ಧ ದುಡ್ಡು ಹೋಗತ್ತೆ ಸರ್. ನಿಮ್ಮ ಹಳೇ ಡ್ರಮ್ಮಿನ ಮರ ಪರವಾಗಿಲ್ಲ. ಅದಕ್ಕೆ ಒಳ್ಳೇ ಹೊದಿಕೆ ಹಾಕ್ಸಿ, ಅಲ್ಲಾಡದ ಸ್ಟೂಲು ತಗೊಳ್ಳಿ, ಉಳಿದದ್ದನ್ನ ತಟ್ಟೆಗೆ ಹಾಕಿ. ಡ್ರಮ್ಮನ್ನ ಶ್ರುತಿ ಮಾಡ್ಬಹುದು. ತಟ್ಟೇನ ಏನೂ ಮಾಡೋಕಾಗಲ್ಲ, ಅದು ಹುಟ್ಟಿದ ಹಾಗೇ ಇರತ್ತೆ." ನೋಡಿದೆಯಾ, ಆಕೆಯೂ ತಟ್ಟೆ ಎಂದೇ ಅಂದಳು. ನನ್ನ ಮಟ್ಟಕ್ಕೆ ಇಳಿದು ಅಂದಿರಬಹುದು.

ಆಕೆ ಹೇಳಿದ್ದು ನನಗೆ ಸರಿ ಕಂಡಿತು. ನಾನೂ ಗಿರಾಕಿಗಳಿಗೆ ಇದನ್ನೇ ಹೇಳುವವನಲ್ಲವೇ, ಹೊಸ ವಾಚು ಯಾಕೆ, ಒಳಗಿನ ಯಂತ್ರ ಗಟ್ಟಿಯಿದೆ, ಗಾಜು ಪಟ್ಟಿ ಬದಲಾಯಿಸಿ ಸಾಕು ಎಂದು. ನಮ್ಮ ಕೈಗೆಟುಕುವುದೂ ಅದೇ. ಜೊತೆಗೆ, ನಿನ್ನ ಆಫೀಸಿನವರು ಪ್ರೀತಿಯಿಂದ ಕೊಟ್ಟದ್ದನ್ನು ಹೊರಹಾಕುವ ಪಾಪವೂ ಬರುವುದಿಲ್ಲ. ಹಾಗಾದರೆ ತಟ್ಟೆ ತೋರಿಸಿ ಎಂದೆ. ಯಾರೋ ಬಳಸಿ ಬಿಟ್ಟ, ಆದರೆ ಒಳ್ಳೆಯ ಕೈಯಲ್ಲಿ ತಯಾರಾದ ಮೂರನ್ನು ತಂದು ಕಂಬಿಗೆ ಹಾಕಿದಳು. ನಾನು ಜೇಬಿನಿಂದ ನನ್ನ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ಬಗ್ಗಿ, ಒಂದೊಂದರ ಮೇಲಿನ ಗೆರೆಗಳನ್ನು ಅಂಚಿನಿಂದ ನಡುವಿನವರೆಗೆ ಪರೀಕ್ಷೆ ಮಾಡತೊಡಗಿದೆ. ಗೆರೆ ಎಷ್ಟು ಸಮವಾಗಿವೆ, ಎಲ್ಲಿ ಸುತ್ತಿಗೆ ಬಿದ್ದಿದೆ, ಅಂಚಿನಲ್ಲಿ ಬಿರುಕಿದೆಯೇ. ಅಂಗಡಿಯಾಕೆ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ನಕ್ಕಳು. "ಸರ್, ಕಣ್ಣಲ್ಲಿ ತಟ್ಟೆ ಆರಿಸೋರನ್ನ ಇವತ್ತೇ ನೋಡಿದ್ದು" ಎಂದು ಕೋಲು ತೆಗೆದುಕೊಂಡು ಮೂರನ್ನೂ ಒಂದರ ಹಿಂದೊಂದು ಮುಟ್ಟಿದಳು. ಯಾವುದು ಎಂದು ಕೇಳಿದಳು. ನಾನು ಮೂರೂ ಒಂದೇ ಥರ ಇವೆಯಲ್ಲ ಎಂದೆ. ಆಕೆಯ ನಗು ನಿಂತಿತು. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಇದನ್ನು ಅಮ್ಮನೇ ಬಂದು ಆರಿಸಲಿ ಬಿಡಿ ಎಂದು ಮೂರನ್ನೂ ಕಳಚಿ ಬಟ್ಟೆಯಲ್ಲಿ ಸುತ್ತಿಟ್ಟಳು.

ನಾನು ಪೆಚ್ಚಾಗಿ ಹೊರಡುವವನಿದ್ದೆ. ಆಗ ಆಕೆ ಮೂಲೆಯಲ್ಲಿ ಒಂಟಿಯಾಗಿ ಕೂತಿದ್ದ ಒಂದು ದೊಡ್ಡ ಡ್ರಮ್ಮಿನ ಹತ್ತಿರ ಹೋದಳು. ಹಳೆಯದು, ಬಣ್ಣ ಮಾಸಿದ್ದು, ನಿನ್ನದಕ್ಕಿಂತ ಒಂದು ಗೇಣು ದೊಡ್ಡದು. ಉಳಿದ ಸೆಟ್ಟೆಲ್ಲ ಯಾರದೋ ಪಾಲಾಗಿ ಇದೊಂದು ಉಳಿದುಬಿಟ್ಟಿತ್ತಂತೆ. ಕಾಲಿನಿಂದ ಪೆಡಲು ಒತ್ತಿದಳು. ಇವಳೇ, ಅದು ನನ್ನ ಅಂಗಾಲಿನಿಂದ ಬಂತು. ಅಂಗಾಲಿನಿಂದ ಮಂಡಿಗೆ, ಮಂಡಿಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಎದೆಗೆ ಬಂದು ಅಲ್ಲೇ ಸ್ವಲ್ಪ ಹೊತ್ತು ಕೂತಿತು. ಇನ್ನೊಮ್ಮೆ ಎಂದೆ. ಇನ್ನೊಮ್ಮೆ ಒತ್ತಿದಳು. ಅಂಗಡಿಯ ಬಾಗಿಲಲ್ಲಿ ಬಿಸಿಲು ಬಿದ್ದಿತ್ತು, ಬಿಸಿಲಲ್ಲಿ ಧೂಳಿನ ಕಣಗಳು ಒಂದು ಕ್ಷಣ ನಿಂತು ಮತ್ತೆ ತೇಲಿದವು. ನೀನು ಬಾರಿಸುವ ಮಧ್ಯಾಹ್ನಗಳೆಲ್ಲ ಒಟ್ಟಿಗೆ ಬಂದು ನನ್ನನ್ನು ಮುತ್ತಿಕೊಂಡವು. ಕಣ್ಣು ಒದ್ದೆಯಾಯಿತು, ಹೇಳಲು ನನಗೇನೂ ಸಂಕೋಚವಿಲ್ಲ. ಚೌಕಾಶಿ ಮಾಡುವುದನ್ನೂ ಮರೆತು ಅದನ್ನು ತೆಗೆದುಕೊಂಡೆ. ನಿನ್ನ ಸೆಟ್ಟಿನ ದೊಡ್ಡ ಡ್ರಮ್ಮನ್ನು ಬದಲಿಗೆ ಕೊಟ್ಟಿದ್ದರಿಂದ ಹೊರೆಯೂ ಆಗಲಿಲ್ಲ, ಆದರೆ ನಿನ್ನನ್ನು ಕೇಳದೆ ಕೊಟ್ಟೆ. ಬೈಯುವುದಾದರೆ ಅದಕ್ಕೆ ಬೈ.

ಹೋದ ಬುಧವಾರ ಮಧ್ಯಾಹ್ನ ಅಂಗಡಿಯಾಕೆಯೇ ಸಾಮಾನು ತಂದು ಕೂರಿಸಿಕೊಟ್ಟಳು. ಎಲ್ಲ ಡ್ರಮ್ಮಿಗೂ ಹೊಸ ಹೊದಿಕೆ. ಗಟ್ಟಿ ಸ್ಟೂಲು, ನಾನು ಅದರ ಮೇಲೆ ಕೂತು ಬೇಕೆಂದೇ ಅಲ್ಲಾಡಿ ನೋಡಿದೆ, ಜಗ್ಗಲಿಲ್ಲ. ಬಿಗಿಮಾಡುವ ಕ್ರಮವನ್ನೂ ನನಗೆ ಹೇಳಿಕೊಟ್ಟಳು. ಒಂದು ಸ್ಕ್ರೂ ಚೂರು, ಅದರ ಎದುರಿನದು ಚೂರು, ಆಮೇಲೆ ಪಕ್ಕದ್ದು, ಅದರ ಎದುರಿನದು. ಯಾವುದನ್ನೂ ಕೊನೆಯವರೆಗೆ ತಿರುಗಿಸಬಾರದು. ಎರಡು ಗಂಟೆ ಕೂತು ಒಂದೊಂದನ್ನೂ ಬೆರಳಲ್ಲಿ ತಟ್ಟಿ, ತಲೆ ವಾಲಿಸಿ, ಕಣ್ಣು ಮುಚ್ಚಿ ಶ್ರುತಿ ಮಾಡಿದಳು. ನಾನು ಚಹಾ ಮಾಡಿಕೊಟ್ಟೆ, ಹಾಲು ಉಕ್ಕಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ಗೋಡೆಯ ಕಡೆ ನೋಡಿ ಒಂದು ಮಾತು ಹೇಳಿದಳು. ಅದನ್ನು ಆಮೇಲೆ ಬರೆಯುತ್ತೇನೆ. ಈಗ ಬರೆಯಲು ನನಗೆ ಧೈರ್ಯವಿಲ್ಲ.

ಆವತ್ತಿನಿಂದ ಈ ಕೋಣೆ ಬೇರೆಯದೇ ಆಗಿದೆ. ಊಟವಾದ ಮೇಲೆ ಇಲ್ಲೇ ಕುರ್ಚಿಯಲ್ಲಿ ಕಾಲು ಚಾಚಿ ಒರಗುತ್ತೇನೆ. ಹೊಸ ಹೊದಿಕೆಗಳು ಹಾಲಿನಷ್ಟು ಬಿಳಿ, ಅವುಗಳ ಮೇಲೆ ಕಿಟಕಿಯಾಚೆಯ ಎಲೆಗಳ ನೆರಳು ಆಡುತ್ತದೆ. ಯಾರೋ ಬೆರಳ ತುದಿಯಲ್ಲಿ ಮೆಲ್ಲಗೆ ಬಾರಿಸುತ್ತಿದ್ದಾರೆ ಅನ್ನಿಸುತ್ತದೆ, ಸದ್ದು ಮಾತ್ರ ಇಲ್ಲ. ಅದನ್ನೇ ನೋಡುತ್ತಾ ಕಣ್ಣು ಎಳೆಯುತ್ತದೆ. ನಿನ್ನೆಯ ಜೊಂಪಿನಲ್ಲಿ ಒಂದು ಕನಸು. ನಮ್ಮ ಮನೆಯೇ ಒಂದು ದೊಡ್ಡ ಗಡಿಯಾರ, ಅಡುಗೆಮನೆ ಮಲಗುವ ಕೋಣೆ ಎಲ್ಲ ಚಕ್ರಗಳು, ಮೆಲ್ಲಗೆ ತಿರುಗುತ್ತಿವೆ. ನಾನು ಎಣ್ಣೆಯ ಹನಿ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದೇನೆ, ಎಲ್ಲಿಯೂ ಏನೂ ಕೇಳಿಸುವುದಿಲ್ಲ, ನಿಂತೇ ಹೋಯಿತೇನೋ ಎಂದು ಭಯ. ಆಗ ನೆಲದಡಿಯಿಂದ ಧಂ ಎಂದು ಒಂದು ಏಟು. ಕನಸಿನಲ್ಲೇ ನನಗೆ ಗೊತ್ತಾಯಿತು, ನೀನು ಬಂದೆ, ಚಪ್ಪಲಿ ಬಿಚ್ಚದೆ ಕೂತೆ ಎಂದು. ಎಚ್ಚರವಾದಾಗ ಸ್ಟೂಲು ಖಾಲಿ ಇತ್ತು. ನಾನೇ ಹೋಗಿ ಕೂತು ಪೆಡಲನ್ನು ಒಮ್ಮೆ ಒತ್ತಿದೆ. ದಿನಕ್ಕೊಂದೇ ಸಲ ಒತ್ತುತ್ತೇನೆ, ಹೆಚ್ಚು ಒತ್ತಿದರೆ ನಿನ್ನ ಪಾಲನ್ನು ಮುಗಿಸಿಬಿಡುತ್ತೇನೆ ಎಂಬ ಹೆದರಿಕೆ. ಮೇಲಿನ ನರ್ಸಮ್ಮ ಕಿಟಕಿಯಿಂದ ಬಗ್ಗಿ "ಅಮ್ಮ ಬಂದ್ರಾ?" ಎಂದು ಕೇಳಿದರು. ಕೈ ಆಡಿಸಿ ಇಲ್ಲವೆಂದೆ. ಅವರ ಮುಖ ಸಣ್ಣದಾಯಿತು. ಬೀದಿಯವರು ಯಾರೂ ಮನೆ ಖಾಲಿ ಮಾಡಿಲ್ಲ ಇವಳೇ, ನಿನ್ನನ್ನು ಕಾಯುತ್ತಿದ್ದಾರೆ.

ಹೊಲಿಗೆ ಮಷೀನಿಗೆ ಓಣಿ ಕಡೆಯ ಕಿಟಕಿಯ ಕೆಳಗೆ ಜಾಗ ಅಳೆದಿದ್ದೇನೆ, ಬೆಳಕೂ ಅಲ್ಲೇ ಚೆನ್ನಾಗಿದೆ. ನಿಮ್ಮಕ್ಕ ಅಡುಗೆಮನೆಯಿಂದ ಅಂಗಳದವರೆಗೆ ನಡೆದ ದಿನ ನೀನು ಹೊರಡು. ಅವಸರ ಮಾಡುವುದಿಲ್ಲ. ಆದರೆ ಅಂಗಡಿಯಾಕೆ ಆ ಮೂರು ತಟ್ಟೆಗಳನ್ನು ಮುಂದಿನ ತಿಂಗಳ ಕೊನೆಯವರೆಗೆ ಯಾರಿಗೂ ಕೊಡದೆ ಇಟ್ಟುಕೊಂಡಿರುತ್ತೇನೆ ಎಂದು ಮಾತು ಕೊಟ್ಟಿದ್ದಾಳೆ. ಅವುಗಳಲ್ಲಿ ಆರಿಸಲು ನೀನೇ ಬರಬೇಕು. ಬಂದ ಮೇಲೂ ಬೇಡ ಎನ್ನಿಸಿದರೆ ನಾನೇ ಕಂಕುಳಲ್ಲಿಟ್ಟುಕೊಂಡು ಹೋಗಿ ಒಂದೊಂದಾಗಿ ಎಲ್ಲವನ್ನೂ ವಾಪಸು ಕೊಟ್ಟು ಬರುತ್ತೇನೆ, ತುಟಿ ಪಿಟಕ್ಕೆನ್ನುವುದಿಲ್ಲ. ಒಂದೇ ಒಂದು ಸಲ ಕೂತು ಬಾರಿಸಿ ಆಮೇಲೆ ಬೇಡ ಅನ್ನು.

ನಿಮ್ಮಕ್ಕನಿಗೆ ನನ್ನ ನಮಸ್ಕಾರ ಹೇಳು, ಬೇಗ ಗಟ್ಟಿಯಾಗಲಿ. ನಾಲಿಗೆಯ ಮಾತು ತೆಗೆದದ್ದನ್ನು ಬಿಟ್ಟು ಉಳಿದದ್ದನ್ನು ಬೇಕಾದರೆ ಓದಿ ಹೇಳು. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೋ. ಗಿಡಗಳ ಪರವಾಗಿ, ನರ್ಸಮ್ಮನ ಪರವಾಗಿ, ನನ್ನ ಪರವಾಗಿಯೂ ಪ್ರೀತಿ.

ಇತಿ,
ನಿನ್ನ "ರೀ"

ವಿ.ಸೂ.: ಲಕೋಟೆ ಅಂಟಿಸಿದ್ದೆ. ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು, ಆದರೂ ಹರಿದು ಮತ್ತೆ ಬರೆಯುತ್ತಿದ್ದೇನೆ, ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬರೆದೂ ಉಪಯೋಗವಿಲ್ಲ. ಅಂಗಡಿಯಾಕೆ ಬಾಗಿಲಲ್ಲಿ ನಿಂತು ಹೇಳಿದ ಮಾತು ಇದು: "ಸರ್, ನಿಮ್ಮ ಗಡಿಯಾರ ಕುಂಟ್ತಾ ಇದೆ." ಆಕೆ ಹೋದ ಮೇಲೆ ಸ್ಟೂಲು ಹತ್ತಿ ಗಡಿಯಾರದ ಪೆಟ್ಟಿಗೆಗೆ ಬೆರಳಿಟ್ಟು ನೋಡಿದೆ. ಟಿಕ್ ಆದ ಕೂಡಲೇ ಟಾಕ್, ಆಮೇಲೆ ಉದ್ದನೆಯ ಬಿಡುವು. ಸೊಟ್ಟಗೆ ತೂಗುಹಾಕಿದ ಗಡಿಯಾರ ಹೀಗೆ ನಡೆಯುತ್ತದೆ. ಹೊತ್ತು ಸರಿಯಾಗಿಯೇ ತೋರಿಸುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಎರಡನೇ ಏಟು ಮುಂಚೆ ಬೀಳುತ್ತದೆ. ನಿನ್ನ ಕೈ ಕುಂಟುತ್ತಿರಲಿಲ್ಲ. ನೀನು ಕಲಿತದ್ದನ್ನು ಕೂದಲೆಳೆ ತಪ್ಪದೆ ಕಲಿತೆ, ಮೇಷ್ಟ್ರೇ ಕುಂಟ. ಬಣ್ಣ ಬಳಿಸಿದ ಮೇಲೆ ಅದನ್ನು ಸೊಟ್ಟಗೆ ಹಾಕಿದವನು ನಾನು. ಲೋಲಕದ ನಡಿಗೆಯನ್ನು ಕಿವಿಯಿಂದ ಕೇಳಿ ಸರಿ ಮಾಡಬೇಕು. ನನಗೆ ಕೇಳಿಸಲಿಲ್ಲ. ಎರಡು ವರ್ಷಕ್ಕೂ ಹೆಚ್ಚಾಯಿತು, ಟಿಕ್ ಟಿಕ್ ನನಗೆ ಕೇಳಿಸುವುದಿಲ್ಲ ಇವಳೇ. ಅಂಗಡಿಯಲ್ಲಿ ಬೆರಳಲ್ಲೇ ಮುಟ್ಟಿ ದಿನ ತಳ್ಳುತ್ತಿದ್ದೇನೆ. ಫೋನಿನಲ್ಲಿ ನಿನ್ನ ಅರ್ಧ ಮಾತು ಸಿಗುವುದಿಲ್ಲ, ಅದಕ್ಕೇ ಎಲ್ಲದಕ್ಕೂ ಹೂಂ. ಹೇಳಲು ನಾಚಿಕೆಯಾಯಿತು. ಗಡಿಯಾರದವನ ಕಿವಿ ಹೋಯಿತು ಎಂದರೆ ಉಳಿಯುವುದೇನು? ಆವತ್ತು ನೀನು ಕುಂಟುತ್ತಾ ಎಂದು ಕೇಳಿದಾಗ ನಾನು ಚೆನ್ನಾಗಿದೆ ಎಂದದ್ದು ಸುಳ್ಳಲ್ಲ. ಕಾಲಿನ ದೊಡ್ಡ ಡ್ರಮ್ಮೊಂದೇ ನನಗೆ ಪೂರ್ತಿ ಕೇಳಿಸುತ್ತಿತ್ತು, ಅದು ನಿಜವಾಗಿ ಚೆನ್ನಾಗಿತ್ತು. ಕಿವಿ ಡಾಕ್ಟರ ಹತ್ತಿರ ನೀನು ಬಂದ ಮೇಲೆ ಹೋಗೋಣ, ಒಬ್ಬನೇ ಹೋಗಲು ಭಯ. ಬಸ್ ಡ್ರೈವರಿಗೆ ವಿಷಯ ತಿಳಿಸಿದ್ದೇನೆ, ಮನುಷ್ಯ ತಲೆ ಚಚ್ಚಿಕೊಂಡ. ಗಡಿಯಾರವನ್ನು ನಿಲ್ಲಿಸಿದ್ದೇನೆ. ನೀನು ಬಂದ ದಿನ ನಾನು ಸ್ಟೂಲು ಹತ್ತಿ ಅದನ್ನು ಚೂರುಚೂರೇ ಸರಿಸುತ್ತಾ ಹೋಗುತ್ತೇನೆ, ನೀನು ಕೆಳಗೆ ನಿಂತು ಕೇಳು. ನಡಿಗೆ ಸಮವಾದ ಕೂಡಲೇ ಸಾಕು ಅನ್ನು. ಜೋರಾಗಿ ಅನ್ನು.